ಮೊದಲ ಗಣಕಜಾಲಗಳ ಸಂಪನ್ಮೂಲಸೂಚಿ: ಹೆಸರು, ವಿವರಣೆ, ಹೊಣೆ

1972ರಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರು, ಅದೇ ಸಂಸ್ಥೆಯ ಮಾಹಿತಿ ಸಂಶೋಧನ ವಿಭಾಗದಲ್ಲಿದ್ದ ಎಲಿಜಬೆತ್ ಫೈನ್ಲರ್ ಅವರಿಗೆ ಒಂದು ಕೆಲಸ ಒಪ್ಪಿಸಿದರು. ಆರ್ಪಾನೆಟ್ ಎಂಬ ಹೊಸ ಗಣಕಜಾಲಕ್ಕೆ ಒಂದು ಸಂಪನ್ಮೂಲ ಕೈಪಿಡಿ ಬೇಕಾಗಿತ್ತು. ಸಂಪನ್ಮೂಲ ಕೈಪಿಡಿ ಎಂದರೇನು ಎಂದು ಫೈನ್ಲರ್ ಕೇಳಿದರು. ಅದು ತಮಗೂ ತಿಳಿಯದು, ಆದರೆ ಆರು ವಾರಗಳಲ್ಲಿ ಬೇಕು ಎಂಬ ಉತ್ತರ ಬಂದಿತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ.

ಈ ಚಿಕ್ಕ ಪ್ರಸಂಗವು ಆ ಕಾಲದ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಆರ್ಪಾನೆಟ್ ಆಗ ಮೂರು ವರ್ಷದ ಜಾಲ. ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶ ಮುಟ್ಟಿಸುವ ವಿದ್ಯೆ ಕೈಗೂಡಿತ್ತು. ಆ ಯಂತ್ರಗಳಲ್ಲಿ ಏನೇನಿದೆ, ಅದನ್ನು ಬಳಸುವ ಬಗೆ ಹೇಗೆ, ಯಾರ ಅನುಮತಿ ಪಡೆಯಬೇಕು ಎಂಬ ವಿವರಗಳು ಮಾತ್ರ ಬಿಡಿಬಿಡಿ ಟಿಪ್ಪಣಿಗಳಲ್ಲಿಯೂ ಕೆಲವರ ನೆನಪಿನಲ್ಲಿಯೂ ಚೆದುರಿದ್ದವು.

ಯಾವುದೇ ಸಂಪನ್ಮೂಲಸೂಚಿಗೆ ಮೂರು ಕರ್ತವ್ಯಗಳಿವೆ: ವಸ್ತುವಿಗೆ ನಿಶ್ಚಿತವಾದ ಒಂದು ಹೆಸರನ್ನು ಕೊಡುವುದು, ಅದು ಏನೆಂದು ವಿವರಿಸುವುದು, ಅದರ ಹೊಣೆ ಹೊತ್ತವರು ಯಾರೆಂದು ತಿಳಿಸುವುದು. 1972ರ ಕೈಪಿಡಿಯಲ್ಲಿ ಈ ಮೂರೂ ಒಂದೇ ಕಡೆ ಕೂಡಿದ್ದವು. ಮುಂದಿನ ಎರಡು ದಶಕಗಳಲ್ಲಿ ಜಾಲ ಬೆಳೆದಂತೆ ಅವು ಒಂದನ್ನೊಂದು ಅಗಲಿದವು. ಈ ಅಗಲಿಕೆಯಿಂದ ದೊರೆತದ್ದೇನು, ಕಳೆದುಹೋದದ್ದೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಪ್ರಾಚೀನ ಪಠ್ಯಗಳು ವಿದ್ಯುನ್ಮಾನ ರೂಪದಲ್ಲಿ ಹಲವೆಡೆ ಹರಡಿಕೊಂಡಿರುವ ಇಂದಿನ ದಿನಗಳಲ್ಲಿ ಈ ಇತಿಹಾಸಕ್ಕೆ ಪಠ್ಯವಿದ್ವಾಂಸರ ಮಟ್ಟಿಗೂ ಪ್ರಯೋಜನವಿದೆ.

ಮಾಹಿತಿ ಕೇಂದ್ರದ ಕಲ್ಪನೆ

ಆರ್ಪಾನೆಟ್ಟಿನ ಘೋಷಿತ ಉದ್ದೇಶ ಸಂಪನ್ಮೂಲಗಳ ಹಂಚಿಕೆ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನ ಅಂಗವಾದ ಆರ್ಪಾದ ಹಣದಿಂದ ಬೇರೆ ಬೇರೆ ವಿಶ್ವವಿದ್ಯಾಲಯಗಳು ಬೇರೆ ಬೇರೆ ತಯಾರಕರ ದುಬಾರಿ ಗಣಕಗಳನ್ನು ಕೊಂಡಿದ್ದವು. ಒಂದು ಕಡೆ ಇರುವ ಪ್ರೋಗ್ರಾಮನ್ನು ಇನ್ನೊಂದು ಕಡೆಯವರು ಬಳಸುವಂತಾದರೆ ಅದೇ ಕೆಲಸಕ್ಕೆ ಎರಡು ಬಾರಿ ಹಣ ಸುರಿಯಬೇಕಾಗಿಲ್ಲ ಎಂಬುದು ಯೋಜನೆಯ ಮುಖ್ಯಸ್ಥ ಲಾರೆನ್ಸ್ ರಾಬರ್ಟ್ಸ್ ಅವರ ವಾದವಾಗಿತ್ತು. 1967ರಲ್ಲಿ ಮಿಷಿಗನ್ ರಾಜ್ಯದ ಆ್ಯನ್ ಆರ್ಬರಿನಲ್ಲಿ ಸೇರಿದ ಸಭೆಯಲ್ಲಿ ಹಲವು ಸಂಶೋಧಕರು ತಮ್ಮ ಗಣಕವನ್ನು ಹೊರಗಿನವರೊಡನೆ ಹಂಚಿಕೊಳ್ಳಲು ಹಿಂಜರಿದರು. ಆಗ ಎಂಗೆಲ್‌ಬಾರ್ಟ್ ಅವರು ಜಾಲದ ಮಾಹಿತಿ ಕೇಂದ್ರವನ್ನು ನಡೆಸುವ ಹೊಣೆಯನ್ನು ತಾವಾಗಿಯೇ ವಹಿಸಿಕೊಂಡರು. ಮೊದಲ ಯಂತ್ರ ಜೋಡಣೆಯಾಗುವುದಕ್ಕೆ ಎರಡು ವರ್ಷ ಮೊದಲೇ ಸೂಚಿಯ ಯೋಚನೆ ಹುಟ್ಟಿತ್ತು ಎಂಬುದು ಗಮನಾರ್ಹ.

1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಹೊರಟ ಮೊದಲ ಸಂದೇಶ ತಲುಪಿದ್ದು ಎಂಗೆಲ್‌ಬಾರ್ಟ್ ಅವರ ಪ್ರಯೋಗಾಲಯಕ್ಕೇ. ಆ ವರ್ಷದ ಕೊನೆಗೆ ಸಾಂತಾ ಬಾರ್ಬರಾ ಮತ್ತು ಯೂಟಾ ಸೇರಿ ಜಾಲದಲ್ಲಿ ನಾಲ್ಕು ಕೇಂದ್ರಗಳಿದ್ದವು. 1972ರ ವೇಳೆಗೆ ಅವು ಸುಮಾರು 30 ಆದವು. ಎಲ್ಲ ದಾಖಲೆಗಳನ್ನೂ ಗಣಕದಲ್ಲಿಯೇ ಇರಿಸಿ, ಎಲ್ಲರೂ ದೂರದಿಂದಲೇ ಓದುವಂತೆ ಮಾಡಬೇಕೆಂಬುದು ಮಾಹಿತಿ ಕೇಂದ್ರದ ಆಶಯ. ಆಚರಣೆಯಲ್ಲಿ ಮೊದಲ ವರ್ಷಗಳ ಬಹುಪಾಲು ಬರಹ ಕಾಗದದ ಮೇಲೆ ಅಚ್ಚಾಗಿ ಅಂಚೆಯಲ್ಲಿ ಹೋಗುತ್ತಿತ್ತು. ಪ್ರತಿ ಕೇಂದ್ರದಲ್ಲಿಯೂ ತಾಂತ್ರಿಕ ಸಂಪರ್ಕಕ್ಕೆಂದು ಒಬ್ಬರು, ಬಂದ ಕಾಗದಗಳನ್ನು ಜೋಡಿಸಿಡಲು ಇನ್ನೊಬ್ಬರು ನೇಮಕವಾಗಿದ್ದರು. ಮುಂದೆ ಬಂದ ಕೈಪಿಡಿಗೆ ಆಧಾರವಾದದ್ದು ಈ ವ್ಯವಸ್ಥೆ.

1972ರ ಕೈಪಿಡಿ

ಫೈನ್ಲರ್ ಅವರ ವ್ಯಾಸಂಗ ರಸಾಯನವಿಜ್ಞಾನದ್ದು. 1960ರಲ್ಲಿ ಮೆನ್ಲೊ ಪಾರ್ಕಿಗೆ ಬರುವ ಮೊದಲು ಅವರು ಓಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ, ಜಗತ್ತಿನ ರಸಾಯನ ಸಾಹಿತ್ಯದ ಸಾರಾಂಶಗಳನ್ನು ಪ್ರಕಟಿಸುವ ಕೆಮಿಕಲ್ ಆ್ಯಬ್‌ಸ್ಟ್ರಾಕ್ಟ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದರು. ಒಂದೇ ಸಂಯುಕ್ತಕ್ಕೆ ಹಲವು ಹೆಸರುಗಳಿರುವ ಕ್ಷೇತ್ರ ಅದು. ಹೆಸರು ತಪ್ಪಿದರೆ ಸಂಶೋಧನೆಯೇ ಕಣ್ಮರೆಯಾಗುತ್ತದೆ ಎಂಬ ಪಾಠವನ್ನು ಸೂಚಿಕಾರರು ಅಲ್ಲಿ ದಿನವೂ ಕಲಿಯುತ್ತಿದ್ದರು.

ಕೈಪಿಡಿಗೆ ಸಾಮಗ್ರಿ ಕೂಡಿಸಲು ಅವರು ಒಂದೊಂದೇ ಕೇಂದ್ರದ ಸಂಪರ್ಕಾಧಿಕಾರಿಯನ್ನು ವಿಚಾರಿಸುತ್ತ ಹೋದರು. ಪ್ರತಿಯೊಂದು ಗಣಕಕ್ಕೂ ಒಂದೇ ಬಗೆಯ ನಮೂನೆ: ಸ್ಥಳ ಮತ್ತು ವಿಳಾಸ, ಯಂತ್ರದ ಜಾತಿ, ಅದರಲ್ಲಿರುವ ಭಾಷೆಗಳೂ ಪ್ರೋಗ್ರಾಮುಗಳೂ, ಅಲ್ಲಿನ ವಿಶೇಷ ಸಂಶೋಧನೆ, ಹೊರಗಿನವರು ಪ್ರವೇಶಿಸುವ ವಿಧಾನ, ನೆರವಿಗೆ ಸಂಪರ್ಕಿಸಬೇಕಾದವರ ಹೆಸರು. ಒಂದು ಕೇಂದ್ರದವರು ಏನನ್ನು ಸಂಪನ್ಮೂಲ ಎಂದು ಕರೆಯುತ್ತಾರೆ, ಏನನ್ನು ಹೇಳುವುದಕ್ಕೂ ಯೋಗ್ಯವಲ್ಲವೆಂದು ಬಿಡುತ್ತಾರೆ ಎಂಬುದು ಅವರವರ ದೃಷ್ಟಿಗೆ ಸೇರಿದ್ದು. ಎಲ್ಲರಿಗೂ ಒಂದೇ ಪ್ರಶ್ನಾವಳಿ ಕೊಟ್ಟಾಗ ಈ ಅಸಮತೆ ತಕ್ಕಮಟ್ಟಿಗೆ ತಗ್ಗಿತು. ಸಂಪನ್ಮೂಲ ಎಂಬ ಪರಿಕಲ್ಪನೆಗೆ ಒಂದು ಆಕಾರ ಬಂದದ್ದೇ ಈ ನಮೂನೆಯಿಂದ ಎನ್ನಬಹುದು.

ಆತುರಕ್ಕೆ ಕಾರಣ 1972ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ನಗರದ ಹಿಲ್ಟನ್ ಹೋಟೆಲಿನಲ್ಲಿ ನಡೆಯಲಿದ್ದ ಗಣಕ ಸಂವಹನದ ಅಂತರರಾಷ್ಟ್ರೀಯ ಸಮ್ಮೇಳನ. ರಾಬರ್ಟ್ ಕಾನ್ ಅವರ ಮುಂದಾಳುತನದಲ್ಲಿ ಆರ್ಪಾನೆಟ್ಟಿನ ಮೊದಲ ಸಾರ್ವಜನಿಕ ಪ್ರದರ್ಶನ ಅಲ್ಲಿ ಏರ್ಪಾಡಾಗಿತ್ತು. ಬಂದವರು ಟರ್ಮಿನಲ್ಲಿನ ಮುಂದೆ ಕುಳಿತು ದೂರದ ಯಂತ್ರಗಳನ್ನು ತಾವೇ ನಡೆಸಿ ನೋಡಬೇಕಿತ್ತು. ಯಾವ ಯಂತ್ರಕ್ಕೆ ಹೋಗಬೇಕು, ಏನನ್ನು ಒತ್ತಬೇಕು ಎಂದು ಹಂತಹಂತವಾಗಿ ತಿಳಿಸುವ ಒಂದು ಪುಸ್ತಿಕೆಯನ್ನು ರಾಬರ್ಟ್ ಮೆಟ್‌ಕಾಫ್ ಸಿದ್ಧಪಡಿಸಿದರು. ಫೈನ್ಲರ್ ಅವರ ಕೈಪಿಡಿ ಜಾಲದ ಭಂಡಾರವನ್ನು ತೋರಿಸಿದರೆ, ಈ ಪುಸ್ತಿಕೆ ಅದರೊಳಗೆ ನಡೆಯುವ ದಾರಿಯನ್ನು ತೋರಿಸಿತು. ಪ್ರೇಕ್ಷಕರಲ್ಲಿ ಅನೇಕರಿಗೆ ಗಣಕಜಾಲವೆಂಬುದು ನಂಬಬಹುದಾದ ವಸ್ತುವಾದದ್ದು ಈ ಸಮ್ಮೇಳನದಲ್ಲಿ.

ಹೆಸರುಪಟ್ಟಿಯ ಪ್ರತ್ಯೇಕತೆ

ಕೈಪಿಡಿಯಲ್ಲಿ ಒಟ್ಟಿಗಿದ್ದ ಮೂರು ಕರ್ತವ್ಯಗಳಲ್ಲಿ ಮೊದಲು ಬೇರೆಯಾದದ್ದು ಹೆಸರು. ಜಾಲದ ಯಂತ್ರಗಳು ಒಂದನ್ನೊಂದು ಗುರುತಿಸುತ್ತಿದ್ದದ್ದು ಸಂಖ್ಯೆಗಳಿಂದ. ಮನುಷ್ಯರಿಗೆ ಹೆಸರು ಬೇಕು. ಪ್ರತಿ ಕೇಂದ್ರವೂ ತನಗೆ ತೋಚಿದಂತೆ ಇತರ ಯಂತ್ರಗಳಿಗೆ ಹೆಸರಿಟ್ಟುಕೊಂಡಿತ್ತು. ಒಂದೇ ಯಂತ್ರ ಒಂದೊಂದು ಕಡೆ ಒಂದೊಂದು ಹೆಸರಿನಿಂದ ಪ್ರಸಿದ್ಧವಾಗಿತ್ತು. 1971ರ ಸೆಪ್ಟೆಂಬರಿನಲ್ಲಿ ಮೈಟರ್ ಸಂಸ್ಥೆಯ ಪೆಗಿ ಕಾರ್ಪ್ ಅವರು, ಎಲ್ಲರೂ ಒಪ್ಪುವ ಒಂದೇ ಹೆಸರುಪಟ್ಟಿ ಇರಬೇಕೆಂದು ಆರ್‌ಎಫ್‌ಸಿ 226 ಎಂಬ ಟಿಪ್ಪಣಿಯಲ್ಲಿ ಸೂಚಿಸಿದರು. ಜಾಲದ ಕೆಲಸಗಾರರು ತಮ್ಮೊಳಗೆ ಚರ್ಚೆಗೆಂದು ಹಂಚಿಕೊಳ್ಳುತ್ತಿದ್ದ ಸಂಖ್ಯಾಂಕಿತ ಟಿಪ್ಪಣಿಗಳಿಗೆ ಆರ್‌ಎಫ್‌ಸಿ ಎಂಬ ಹೆಸರಿತ್ತು.

ಎರಡು ವರ್ಷ ಕಳೆದರೂ ಪರಿಸ್ಥಿತಿ ಸುಧಾರಿಸಲಿಲ್ಲ. 1973ರ ಡಿಸೆಂಬರಿನಲ್ಲಿ ಎಲ್. ಪೀಟರ್ ಡಾಯ್ಚ್ ಅವರು, ಪ್ರತಿಯೊಂದು ಕೇಂದ್ರವೂ ತನ್ನ ಪಟ್ಟಿಯನ್ನು ಕೈಯಿಂದ ತಿದ್ದುತ್ತ ಕೂರುವುದು ಅರ್ಥಹೀನವೆಂದು ವಾದಿಸಿ, ಮಾಹಿತಿ ಕೇಂದ್ರದಲ್ಲಿ ಒಂದು ಅಧಿಕೃತ ಕಡತವನ್ನಿರಿಸಿ ಎಲ್ಲರೂ ಅದರ ಪ್ರತಿಯನ್ನು ತಂದುಕೊಳ್ಳಲಿ ಎಂದರು. 1974ರ ಆರಂಭದಲ್ಲಿ ಕೇಂದ್ರವು ಈ ಸಲಹೆಯನ್ನು ಒಪ್ಪಿಕೊಂಡಿತು. ಒಂದೇ ಯಂತ್ರದಲ್ಲಿ ಇಡೀ ಜಾಲದ ಹೆಸರುಗಳಿದ್ದರೆ ಆ ಯಂತ್ರ ಕೆಟ್ಟ ದಿನ ಏನು ಗತಿ ಎಂಬ ಆಕ್ಷೇಪವೂ ಆಗಲೇ ಬಂದಿತು. ಒಂದೇ ಪ್ರತಿಯನ್ನು ನೆಚ್ಚಿಕೊಂಡ ಗ್ರಂಥದ ಗತಿ ಏನೆಂದು ತಿಳಿದವರಿಗೆ ಈ ಭಯ ಹೊಸದಾಗಿ ತೋರದು.

ಹೀಗೆ ಹುಟ್ಟಿದ ಹೋಸ್ಟ್ಸ್.ಟಿಎಕ್ಸ್‌ಟಿ ಎಂಬ ಕಡತವು ಸುಮಾರು ಒಂದು ದಶಕ ಜಾಲದ ಆಧಾರವಾಗಿತ್ತು. ಹೊಸ ಯಂತ್ರ ಸೇರಿಸುವವರು ಫೈನ್ಲರ್ ಅವರ ತಂಡಕ್ಕೆ ತಿಳಿಸಬೇಕು. ತಂಡದವರು ಹೆಸರನ್ನು ಪರೀಕ್ಷಿಸಿ ಕಡತಕ್ಕೆ ಸೇರಿಸಬೇಕು. ಅದೇ ತಂಡ ಜಾಲದ ಬಳಕೆದಾರರ ಅಚ್ಚಿನ ನಿರ್ದೇಶಿಕೆಯನ್ನು ಹೊರತರುತ್ತಿತ್ತು, ಪ್ರಶ್ನೆಗಳಿಗೆ ದೂರವಾಣಿಯಲ್ಲಿ ಉತ್ತರಿಸುತ್ತಿತ್ತು. 1982ರಲ್ಲಿ ಕೆನ್ ಹ್ಯಾರೆನ್‌ಸ್ಟೀನ್ ಮತ್ತು ವಿಕ್ ವೈಟ್ ಅವರು ವಿವರಿಸಿದ ಹೂಈಸ್ ಸೇವೆಯು ಆ ನಿರ್ದೇಶಿಕೆಯನ್ನು ಜಾಲದಲ್ಲಿಯೇ ವಿಚಾರಿಸುವಂತೆ ಮಾಡಿತು. ಯಂತ್ರದ ಹಿಂದೆ ಇರುವ ಮನುಷ್ಯರನ್ನು ಹುಡುಕುವ ಸಾಧನ ಅದು.

ಹೆಸರಿನ ಕಟ್ಟಳೆಗಳೂ ಈ ಅವಧಿಯವೇ. ಹ್ಯಾರೆನ್‌ಸ್ಟೀನ್, ಮೇರಿ ಸ್ಟಾಲ್ ಮತ್ತು ಫೈನ್ಲರ್ ಅವರು 1985ರಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 952ರ ಪ್ರಕಾರ ಹೆಸರು 24 ಅಕ್ಷರಗಳನ್ನು ಮೀರಬಾರದು. ರೋಮನ್ ಲಿಪಿಯ 26 ಅಕ್ಷರಗಳು, 10 ಅಂಕಿಗಳು, ಕಿರುಗೆರೆ, ಬಿಂದು ಇವಿಷ್ಟನ್ನೇ ಬಳಸಬೇಕು. ಅಂದಿನ ಯಂತ್ರಗಳಿಗೆ ಇದು ಸಹಜವಾದ ಮಿತಿ. ಆದರೆ ಸೂಚಿಯ ಲಿಪಿಯೇ ಜಾಲದ ಲಿಪಿಯಾಯಿತು. ಇತರ ಲಿಪಿಗಳ ಹೆಸರುಗಳಿಗೆ ತಾಂತ್ರಿಕ ನಿಯಮ ಸಿದ್ಧವಾದದ್ದು 2003ರಲ್ಲಿ. ಕನ್ನಡ ಲಿಪಿಯ ಡಾಟ್ ಭಾರತ ಬಂದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಆ ರೋಮನ್ ನೆಲೆಯಲ್ಲಿಯೂ ಒಂದೊಂದು ಅಕ್ಷರವು ಹಲವು ರೀತಿಯಲ್ಲಿ ಬರೆಯಲ್ಪಡುವ ಕನ್ನಡದಂಥ ಭಾಷೆಗಳ ಗ್ರಂಥಗಳಿಗೆ ಇದರಿಂದಾದ ತೊಡಕು ಇನ್ನೂ ಪೂರ್ಣವಾಗಿ ಬಿಡಿಸಿಲ್ಲ.

ಹೊಣೆಯ ವಿಕೇಂದ್ರೀಕರಣ

1981ರ ಆಗಸ್ಟಿನಲ್ಲಿ ಪಟ್ಟಿಯಲ್ಲಿದ್ದ ಗಣಕಗಳು 213. ಎರಡು ವರ್ಷಗಳಲ್ಲಿ 562, 1984ರ ಅಕ್ಟೋಬರಿಗೆ 1,024. ಒಂದು ತಂಡ ತಿದ್ದುವ ಒಂದು ಕಡತಕ್ಕೆ ಈ ವೇಗ ಸಹ್ಯವಾಗಿರಲಿಲ್ಲ. ತಿದ್ದಿದ ಪ್ರತಿ ಎಲ್ಲರನ್ನೂ ಮುಟ್ಟುವ ಮೊದಲೇ ಅದು ಹಳತಾಗುತ್ತಿತ್ತು. ಪಾಲ್ ಮೊಕಪೆಟ್ರಿಸ್ ಅವರು 1983ರ ನವೆಂಬರಿನಲ್ಲಿ ಮಂಡಿಸಿದ ಡೊಮೈನ್ ನಾಮವ್ಯವಸ್ಥೆಯು ಇದಕ್ಕೆ ಪರಿಹಾರ ಒದಗಿಸಿತು. ಇದರಲ್ಲಿ ಇಡೀ ಪಟ್ಟಿಯನ್ನು ಯಾರೊಬ್ಬರೂ ಇರಿಸಿಕೊಳ್ಳುವುದಿಲ್ಲ. ಮೇಲಿನ ಹಂತದವರು ತಮ್ಮ ಕೆಳಗಿನ ವಿಭಾಗಗಳು ಯಾರ ವಶದಲ್ಲಿವೆ ಎಂದಷ್ಟೇ ಬಲ್ಲರು. ಆಯಾ ವಿಭಾಗದವರು ತಮ್ಮೊಳಗಿನ ಹೆಸರುಗಳನ್ನು ತಾವೇ ನೋಡಿಕೊಳ್ಳುತ್ತಾರೆ.

ಭಾರತದ ಒಂದು ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದ ಮೊದಲ ಸದಸ್ಯರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಂದು. ಐಐಎಸ್‌ಸಿ.ಅರ್ನೆಟ್.ಇನ್ ಎಂಬ ಅದರ ಹಿಂದಿನ ವಿಳಾಸವನ್ನು ಬಲದಿಂದ ಎಡಕ್ಕೆ ಓದಿದರೆ ದೇಶ, ಜಾಲ, ಸಂಸ್ಥೆ ಎಂಬ ಕ್ರಮದಲ್ಲಿ ಹೊಣೆಯ ಸರಪಳಿ ಕಾಣುತ್ತದೆ. ಸಂಸ್ಥೆಯೊಳಗೆ ಹೊಸ ಗಣಕಕ್ಕೆ ಹೆಸರಿಡಲು ಇನ್ನು ಕ್ಯಾಲಿಫೋರ್ನಿಯಾವನ್ನು ಕೇಳಬೇಕಾಗಿರಲಿಲ್ಲ.

1984ರ ಅಕ್ಟೋಬರಿನಲ್ಲಿ ಜಾನ್ ಪಾಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅವರು ಬರೆದ ಆರ್‌ಎಫ್‌ಸಿ 920ರಲ್ಲಿ ಪ್ರತಿ ಡೊಮೈನಿಗೂ ಒಬ್ಬ ಹೊಣೆಗಾರ ವ್ಯಕ್ತಿ ಇರಲೇಬೇಕೆಂಬ ನಿಬಂಧನೆಯಿದೆ. ಹೆಸರು ಮತ್ತು ಹೊಣೆ ಹೀಗೆ ಒಟ್ಟಿಗೆ ಉಳಿದವು. ವಿವರಣೆ ಉಳಿಯಲಿಲ್ಲ. ಹೊಸ ವ್ಯವಸ್ಥೆಯು ಒಂದು ಹೆಸರು ಯಾವ ಯಂತ್ರಕ್ಕೆ ಸೇರಿದ್ದೆಂದು ಕ್ಷಣದಲ್ಲಿ ತಿಳಿಸುತ್ತಿತ್ತು. ಆ ಯಂತ್ರದಲ್ಲಿ ಏನಿದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. 1972ರಲ್ಲಿ ಎಂಗೆಲ್‌ಬಾರ್ಟ್ ಬಯಸಿದ್ದು ಆ ಉತ್ತರವನ್ನು.

ವಿವರಣೆಯ ಹುಡುಕಾಟ

1989ರ ಅಕ್ಟೋಬರಿಗೆ ಜಾಲದ ಗಣಕಗಳು 1,59,000ಕ್ಕೆ ಏರಿದವು. ವಿವರಣೆಯ ಕೆಲಸ ಈಗ ಉತ್ಸಾಹಿಗಳ, ಅದರಲ್ಲಿಯೂ ಗ್ರಂಥಪಾಲಕರ ಪಾಲಿಗೆ ಬಂದಿತು. ದೂರದಿಂದ ನೋಡಬಹುದಾದ ಗ್ರಂಥಾಲಯ ಸೂಚಿಗಳ ಪಟ್ಟಿಗಳನ್ನು ಹಲವರು ಕೈಯಿಂದಲೇ ಕಟ್ಟಿದರು. ಕೆನಡದ ಸಸ್ಕ್ಯಾಚುವಾನ್ ವಿಶ್ವವಿದ್ಯಾಲಯದ ಪೀಟರ್ ಸ್ಕಾಟ್ ಅವರು 1990ರಲ್ಲಿ ರೂಪಿಸಿದ ಹೈಟೆಲ್‌ನೆಟ್, ಯಾವ ಗ್ರಂಥಾಲಯಕ್ಕೆ ಹೇಗೆ ಪ್ರವೇಶಿಸಬೇಕು, ಹೇಗೆ ಹೊರಬರಬೇಕು ಎಂಬ ವಿವರಗಳನ್ನು ಒಂದೆಡೆ ಕೊಟ್ಟಿತು. ಇದು ನೇರವಾಗಿ ಫೈನ್ಲರ್ ಅವರ ಕೈಪಿಡಿಯ ಪರಂಪರೆಗೆ ಸೇರಿದ್ದು.

ಅದೇ ವರ್ಷ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಆ್ಯಲನ್ ಎಮ್‌ಟೇಜ್, ಬಿಲ್ ಹೀಲನ್ ಮತ್ತು ಪೀಟರ್ ಡಾಯ್ಚ್ ಬೇರೊಂದು ದಾರಿ ಹಿಡಿದರು. ಈ ಡಾಯ್ಚ್ ಅವರು 1973ರ ಎಲ್. ಪೀಟರ್ ಡಾಯ್ಚ್ ಅವರಿಗಿಂತ ಬೇರೆ ವ್ಯಕ್ತಿ. ಸೂಚಿಗಳ ಇತಿಹಾಸದಲ್ಲಿಯೇ ಇಂಥ ನಾಮಸಾಮ್ಯ ಎದುರಾಗುವುದು ಸ್ವಾರಸ್ಯಕರ. ಅವರ ಆರ್ಕಿ ಎಂಬ ಸಾಧನವು ಸಾರ್ವಜನಿಕ ಕಡತಸಂಗ್ರಹಗಳನ್ನು ಆಗಾಗ ತಾನೇ ಸಂದರ್ಶಿಸಿ, ಅಲ್ಲಿನ ಕಡತಗಳ ಹೆಸರುಗಳನ್ನು ನಕಲಿಸಿಕೊಂಡು, ಹುಡುಕಲು ಕೊಡುತ್ತಿತ್ತು. ಯಾರೂ ಯಾರಿಗೂ ಪತ್ರ ಬರೆಯಬೇಕಿರಲಿಲ್ಲ. ಆದರೆ ಆರ್ಕಿಗೆ ತಿಳಿದಿದ್ದದ್ದು ಕಡತದ ಹೆಸರು ಮಾತ್ರ. ಹೆಸರಿಟ್ಟವರು ಎಂಟು ಅಕ್ಷರಗಳಲ್ಲಿ ಏನನ್ನು ಸಂಕ್ಷೇಪಿಸಿದ್ದರು ಎಂದು ಊಹಿಸುವ ಹೊರೆ ಹುಡುಕುವವರ ಮೇಲೆ ಬಿತ್ತು.

1991ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಗೋಫರ್ ಸಂಪನ್ಮೂಲಗಳನ್ನು ಪಟ್ಟಿಯೊಳಗಿನ ಪಟ್ಟಿಗಳಾಗಿ ಜೋಡಿಸಿತು. ಮರುವರ್ಷ ನೆವಾಡ ವಿಶ್ವವಿದ್ಯಾಲಯದ ವೆರೋನಿಕ ಆ ಪಟ್ಟಿಗಳನ್ನೆಲ್ಲ ಹುಡುಕುವ ಸಾಧನವಾಯಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಇಂಟರ್‌ನಿಕ್ ಯೋಜನೆಯಲ್ಲಿ ಹಳೆಯ ಮಾಹಿತಿ ಕೇಂದ್ರದ ಕೆಲಸಗಳನ್ನು ಮೂವರಿಗೆ ಹಂಚಿತು: ಹೆಸರುಗಳ ನೋಂದಣಿ ನೆಟ್‌ವರ್ಕ್ ಸೊಲ್ಯೂಷನ್ಸ್‌ಗೆ, ನಿರ್ದೇಶಿಕೆಗಳು ಎಟಿ ಆ್ಯಂಡ್ ಟಿಗೆ, ಸಲಹೆ ಸಹಾಯ ಜನರಲ್ ಅಟಾಮಿಕ್ಸ್‌ಗೆ. ಎಟಿ ಆ್ಯಂಡ್ ಟಿ ನಿರ್ದೇಶಿಕೆಗಳ ನಿರ್ದೇಶಿಕೆಯನ್ನೇ ಕಟ್ಟತೊಡಗಿತು. ಎರಡು ದಶಕಗಳ ಹಿಂದೆ ಒಂದೇ ಮೇಜಿನ ಮೇಲೆ ನಡೆಯುತ್ತಿದ್ದ ಕೆಲಸ ಹೀಗೆ ವಿಧ್ಯುಕ್ತವಾಗಿ ಮೂರಾಯಿತು.

ಜಾಗತಿಕ ಜಾಲ ಅಥವಾ ವೆಬ್ ಬಂದಾಗ ಟಿಮ್ ಬರ್ನರ್ಸ್-ಲೀ ಆರಂಭಿಸಿದ ವರ್ಚುಯಲ್ ಲೈಬ್ರರಿಯಲ್ಲಿ ಒಂದೊಂದು ವಿಷಯದ ಪಟ್ಟಿಯನ್ನು ಆಯಾ ವಿಷಯದ ತಜ್ಞರು ಸ್ವಯಂಸೇವೆಯಿಂದ ನೋಡಿಕೊಂಡರು. 1994ರಲ್ಲಿ ಸ್ಟ್ಯಾನ್‌ಫರ್ಡಿನ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೊ ಕಟ್ಟಿದ ಯಾಹೂ ಸೂಚಿಯೂ ಮನುಷ್ಯರು ವರ್ಗೀಕರಿಸಿದ್ದೇ. ಅದು 2014ರಲ್ಲಿ ಮುಚ್ಚಿತು. 1998ರಲ್ಲಿ ಹುಟ್ಟಿದ ಓಪನ್ ಡೈರೆಕ್ಟರಿ 2017ರಲ್ಲಿ ನಿಂತಿತು. ಪದಗಳನ್ನು ಹುಡುಕುವ ಯಂತ್ರಗಳ ಮುಂದೆ ವಿವರಿಸಿದ ಸೂಚಿ ಅನಗತ್ಯವೆಂಬ ಭಾವನೆ ಅಷ್ಟರಲ್ಲಿ ನೆಲೆಯೂರಿತ್ತು.

ಪಠ್ಯಗಳ ಸೂಚಿ

ಪಠ್ಯವಿದ್ವಾಂಸರಿಗೆ ಆ ಭಾವನೆಯನ್ನು ಒಪ್ಪುವುದು ಕಷ್ಟ. ಭಾರತೀಯ ಭಾಷೆಗಳ ವಿದ್ಯುನ್ಮಾನ ಪಠ್ಯಗಳಿಗಾಗಿ 2001ರಲ್ಲಿ ಜರ್ಮನಿಯ ಗಟಿಂಗೆನ್ನಿನಲ್ಲಿ ಆರಂಭವಾದ ಗ್ರೆಟಿಲ್ ಯೋಜನೆಯ ಹೆಸರಿನಲ್ಲಿಯೇ ನೋಂದಣಿಪುಸ್ತಕ ಎಂಬ ಪದವಿದೆ. ಅಲ್ಲಲ್ಲಿ ದೊರೆಯುವ ಪಠ್ಯಗಳನ್ನು ಒಂದೆಡೆ ದಾಖಲಿಸುವುದು ಅದರ ಮೂಲ ಸಂಕಲ್ಪವಾಗಿತ್ತು. ಪಠ್ಯವನ್ನು ಯಾವ ಮುದ್ರಿತ ಆವೃತ್ತಿಯಿಂದ ತೆಗೆದುಕೊಳ್ಳಲಾಗಿದೆ, ಗಣಕಕ್ಕೆ ಊಡಿಸಿದವರು ಯಾರು ಎಂಬ ಮಾಹಿತಿ ಕಡತದ ತಲೆಯಲ್ಲಿರುವುದು ಅದರ ದೊಡ್ಡ ಬೆಲೆ. ಅಂದರೆ ವಿವರಣೆ ಮತ್ತು ಹೊಣೆ.

ಕನ್ನಡಕ್ಕೆ ಸಂಬಂಧಿಸಿದಂತೆ ಈ ಎರಡರ ಅಗತ್ಯ ಇನ್ನೂ ತೀವ್ರವಾದುದು. ಪಂಪಭಾರತ ಮತ್ತು ವಿಕ್ರಮಾರ್ಜುನ ವಿಜಯ ಒಂದೇ ಕೃತಿಯ ಎರಡು ಹೆಸರುಗಳು. ಗದುಗಿನ ಭಾರತವೇ ಕರ್ಣಾಟ ಭಾರತ ಕಥಾಮಂಜರಿ. ಇದನ್ನು ಬಲ್ಲ ಸೂಚಿಕಾರರಿಲ್ಲದಿದ್ದರೆ ಯಂತ್ರಕ್ಕೆ ಅವು ನಾಲ್ಕು ಕೃತಿಗಳು. ಕವಿರಾಜಮಾರ್ಗವನ್ನು ನೃಪತುಂಗನ ಹೆಸರಿನಲ್ಲಿ ನಮೂದಿಸಬೇಕೇ, ಶ್ರೀವಿಜಯನ ಹೆಸರಿನಲ್ಲಿಯೇ ಎಂಬುದು ವಿದ್ವತ್ತಿನ ತೀರ್ಮಾನ. ಕೆ. ಬಿ. ಪಾಠಕರ 1898ರ ಮುದ್ರಣವನ್ನು ಅನುಸರಿಸಿದ ಕಡತ ಯಾವುದು, ಎಂ. ವಿ. ಸೀತಾರಾಮಯ್ಯನವರ ಸಂಪಾದನೆಯನ್ನು ಅನುಸರಿಸಿದ್ದು ಯಾವುದು ಎಂದು ಹೇಳದ ಪಠ್ಯದಿಂದ ಪಾಠಾಂತರದ ಚರ್ಚೆ ಸಾಧ್ಯವಿಲ್ಲ. ಪದವನ್ನು ಹುಡುಕುವ ಯಂತ್ರವು ಪಾಠವನ್ನು ತಂದುಕೊಡಬಲ್ಲದು, ಅದರ ಕುಲವನ್ನು ಹೇಳಲಾರದು.

ಈ ಕೆಲಸದ ಸ್ವರೂಪ ಕನ್ನಡ ವಿದ್ವಾಂಸರಿಗೆ ಅಪರಿಚಿತವಲ್ಲ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಸೂಚಿಯು ಮೂಡುಬಿದಿರೆ ಮೊದಲಾದ ಕಡೆಗಳ ಜೈನ ಭಂಡಾರಗಳಲ್ಲಿದ್ದ ಓಲೆಗಳನ್ನು ಹೊರಜಗತ್ತಿಗೆ ತಿಳಿಸಿತು. ಗ್ರಂಥದ ಹೆಸರು, ಅದರ ಸ್ವರೂಪ, ಅದು ಯಾರ ವಶದಲ್ಲಿದೆ ಎಂಬ ವಿವರಗಳನ್ನು ಒಂದೆಡೆ ಕಂಡ ಸಂಶೋಧಕರು ಭಂಡಾರದ ಬಾಗಿಲಿಗೆ ಹೋಗಿ ಏನನ್ನು ಕೇಳಬೇಕೆಂದು ತಿಳಿದುಕೊಂಡರು. ಶಾಸ್ತ್ರಿಗಳಿಗೂ ಫೈನ್ಲರ್ ಅವರಿಗೂ ಪರಸ್ಪರ ಪರಿಚಯವಿರಲಿಲ್ಲ. ಅವರ ನಮೂನೆಗಳು ಮಾತ್ರ ಒಂದೇ ಪ್ರಶ್ನೆಗಳಿಗೆ ಉತ್ತರಿಸುತ್ತವೆ.

ಫೈನ್ಲರ್ ಅವರು 1989ರಲ್ಲಿ ಸಂಸ್ಥೆಯನ್ನು ಬಿಟ್ಟರು. 1990ರಲ್ಲಿ ಆರ್ಪಾನೆಟ್ ಮುಚ್ಚಿತು. 1991ರ ಅಕ್ಟೋಬರಿನಲ್ಲಿ ಮಾಹಿತಿ ಕೇಂದ್ರದ ಕೆಲಸ ಬೇರೆ ಗುತ್ತಿಗೆದಾರರಿಗೆ ಹೋಯಿತು. ಕೈಪಿಡಿಯಲ್ಲಿ ವರ್ಣಿತವಾದ ಯಂತ್ರಗಳಲ್ಲಿ ಒಂದೂ ಇಂದು ಆ ಜಾಲದಲ್ಲಿ ನಡೆಯುತ್ತಿಲ್ಲ. ಅವುಗಳಲ್ಲಿ ಏನಿತ್ತು, ಯಾರು ನೋಡಿಕೊಳ್ಳುತ್ತಿದ್ದರು ಎಂಬುದು ಈಗಲೂ ತಿಳಿಯುತ್ತದೆ. ಫೈನ್ಲರ್ ಅವರು ಕಾಪಾಡಿದ ನೂರಾರು ಪೆಟ್ಟಿಗೆಗಳ ಕಾಗದಪತ್ರಗಳು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿವೆ. ಮೊದಲ ಗಣಕಜಾಲದ ಚರಿತ್ರೆಯನ್ನು ಬರೆಯುವವರು ಇಂದು ಮೊರೆಹೋಗುವುದು ಅದರ ಸೂಚಿಗೆ.